ಎಲ್ಲ ಕಾಲಕ್ಕೂ

ಅಂಬಲಪಾಡಿ ಬೈಪಾಸಿನ ಟಯರಂಗಡಿಯಲ್ಲಿ
ಹಮ್ಮಬ್ಬಾಕ ಕಿಸೆಯಿಂದ ಒಂದು ರೂಪಾಯಿ ತೆಗೆದು
ನನ್ನ ಕೆಂಪು ಕಾರಿನ ಟಯರಿನ ಗೆರೆಯಲ್ಲಿ ನಿಲ್ಲಿಸಲು ನೋಡಿದರು.
ನಾಣ್ಯ ನಿಲ್ಲಲಿಲ್ಲ.
"ಮೇಡಂ, ಇದರಲ್ಲಿ ಇನ್ನೊಂದು ಮಳೆ ಇಲ್ಲ" ಎಂದರು,
ರೋಗಿಯ ಮನೆಯವರನ್ನು ಹೊರಗೆ ಕರೆದು
ಡಾಕ್ಟರು ಹೇಳುವ ದನಿಯಲ್ಲಿ.

ಟಯರಿಗೂ ಜಾತಕ ಉಂಟು.
ಮೊಟ್ಟೆಯಾಕಾರದ ಗೂಡಿನೊಳಗೆ ನಾಲ್ಕು ಅಂಕಿ,
ಹುಟ್ಟಿದ ವಾರ, ಹುಟ್ಟಿದ ವರ್ಷ.
"ಆರು ವರ್ಷ ದಾಟಿತು. ಒತ್ತಿ ನೋಡಿ."
ಒತ್ತಿದೆ.
ಸೊಸೈಟಿಯ ನನ್ನ ಕುರ್ಚಿಯ ಕೈ ಇದಕ್ಕಿಂತ ಮೆತ್ತಗೆ.

ಆಮೇಲೆ ಅವರ ಹೆಬ್ಬೆರಳು ಹೊರ ಅಂಚಿಗೆ ಜಾರಿತು.
ಮುಂದಿನ ಎರಡೂ ಟಯರಿನ ಭುಜ
ಅರ ಹಾಕಿ ಉಜ್ಜಿದ ಹಾಗೆ.
"ಎಲ್ಲಿಗೆ ಹೋಗೂದು ನೀವು?"
"ಬ್ರಹ್ಮಾವರಕ್ಕೆ. ಬೆಳಿಗ್ಗೆ ಹೋಗಿ ಸಂಜೆ ಬರೂದು."
ಅವರು ನನ್ನನ್ನು ನೋಡಲಿಲ್ಲ,
ಟಯರಿಗೇ ಹೇಳಿದರು:
"ಬ್ರಹ್ಮಾವರದ ರಸ್ತೆ ನೆಟ್ಟಗೆ."

ಇಪ್ಪತ್ತೆರಡು ವರ್ಷ ಊರಿನವರ ಲೆಕ್ಕ ಬರೆದವಳು ನಾನು,
ಐದು ಪೈಸೆ ಆಚೀಚೆಯಾದರೂ ಮೂಗಿಗೆ ಹೊಡೆಯುತ್ತದೆ.
ನನ್ನ ಲೆಕ್ಕವನ್ನು ಒಬ್ಬರು
ರಬ್ಬರಿನ ಮೇಲೆ ಓದಿಯಾರೆಂದು ಎಣಿಸಿರಲಿಲ್ಲ.

ಭಾನುವಾರ ಐದಕ್ಕೆ, ಹಾಲಿನವನಿಗೂ ಮೊದಲು
ಹಿರಿಯಡ್ಕ, ಹೆಬ್ರಿ, ಸೋಮೇಶ್ವರ,
ಮತ್ತೆ ಆಗುಂಬೆಯ ಹದಿನಾಲ್ಕು ತಿರುವು.
ಎರಡನೇ ಗೇರು, ಸ್ಟೇರಿಂಗು ಪೂರ್ತಿ, ಕಾಲು ಮೆಲ್ಲ ಬಿಟ್ಟು ಮತ್ತೆ ಒತ್ತಿ,
ಸೊಂಟ ಒಂದು ಕಡೆ, ರಸ್ತೆ ಇನ್ನೊಂದು ಕಡೆ.
ಸಂಜೆ ಸೂರ್ಯ ಮುಳುಗುವುದಕ್ಕೆ ಜನ ಸೇರುವ ಕಟ್ಟೆಯಲ್ಲಿ
ಆ ಹೊತ್ತಿಗೆ ಮಂಗಗಳು ಮಾತ್ರ.
ಒಂದು ಚಾ.
ಅದೇ ಹದಿನಾಲ್ಕು, ಕೆಳಗೆ.
ಎಂಟಕ್ಕೆ ಕಾವಲಿಯ ಮೇಲೆ ದೋಸೆ.

ಇವರ ಲೆಕ್ಕದಲ್ಲಿ ನಾನು ಮಲ್ಪೆ ಬೀಚಿಗೆ ವಾಕಿಂಗು ಹೋದವಳು.
ಚಪ್ಪಲಿಯಲ್ಲಿ ಒಂದು ಕಾಳು ಹೊಯ್ಗೆ ಇಲ್ಲದ್ದು
ಈವರೆಗೆ ಅವರ ಕಣ್ಣಿಗೆ ಬಿದ್ದಿಲ್ಲ.

ಹಮ್ಮಬ್ಬಾಕ ಅಟ್ಟದಿಂದ ಮೂರು ಇಳಿಸಿದರು.
ಮೊದಲನೆಯದು ಗಟ್ಟಿ, ಅರುವತ್ತು ಸಾವಿರ ಕಿಲೋಮೀಟರು ಓಡೂದು.
"ಗಂಡಸರು ಹೆಂಡತಿಯ ಕಾರಿಗೆ ಇದನ್ನೇ ಹಾಕಿಸೂದು."
ಎರಡನೆಯದು ಮೆತ್ತಗೆ, ಹಲಸಿನ ಮೇಣದ ಹಾಗೆ ರಸ್ತೆ ಹಿಡಿಯೂದು,
ಇಪ್ಪತ್ತೈದು ಸಾವಿರಕ್ಕೆ ಮುಗಿಯಿತು,
ಆಷಾಢದ ನೀರಿಗೆ ಗೆರೆಯೂ ಸಾಲದು.
ಮೂರನೆಯದರ ಮೈಮೇಲೆ ಸಣ್ಣ ಬೆಟ್ಟ,
ಬೆಟ್ಟದೊಳಗೆ ಹಿಮದ ಹರಳು.
"ಇದು ಎಲ್ಲ ಕಾಲಕ್ಕೂ."

ನಮ್ಮಲ್ಲಿ ಎಲ್ಲ ಕಾಲ ಎಂದರೆ ಎಷ್ಟು?
ಮಳೆ. ಬೆವರು.
ದೀಪಾವಳಿ ಕಳೆದ ಮೇಲೆ ನಾಲ್ಕು ದಿನ
ಫ್ಯಾನು ಐದರಿಂದ ಮೂರಕ್ಕೆ ಇಳಿಯುತ್ತದೆ, ಅದಕ್ಕೆ ಚಳಿ ಎನ್ನುತ್ತೇವೆ.
ಹಿಮವೆಂದರೆ
ಬಂಗುಡೆ ಪೆಟ್ಟಿಗೆಯ ಐಸು.

ಆದರೂ ಕೈಯಾಡಿಸಿದೆ.
ನೀರು ಹರಿಯಲು ನಾಲ್ಕು ಆಳದ ಚರಂಡಿ,
ನಡುವೆ ಮೈತುಂಬ ತೆಳ್ಳನೆ ಸೀಳು,
ಮಸಾಲೆ ಇಳಿಯಲೆಂದು ಮೀನಿಗೆ ಹಾಕುವ ಕಚ್ಚಿನ ಹಾಗೆ.
"ಸದ್ದು?"
"ಸ್ವಲ್ಪ ಉಂಟು."
"ತಿರುವಿನಲ್ಲಿ?"
ಈಗ ಮಾತ್ರ ಅವರು ನನ್ನ ಮುಖ ನೋಡಿದರು.
"ಮೆತ್ತಗಿನದ್ದರಷ್ಟು ಹಿಡಿಯೂದಿಲ್ಲ.
ಆದರೆ ಜಾರುವ ಮೊದಲು ಹೇಳ್ತದೆ.
ಅದು ಹೇಳೂದಿಲ್ಲ, ಬಿಟ್ಟೇ ಬಿಡೂದು."

ಹೇಳಿ ಜಾರುವುದು.
ಐವತ್ತೊಂದನೆಯ ವಯಸ್ಸಿಗೆ ಅಷ್ಟು ಮರ್ಯಾದೆ ಸಾಕು.
"ಇದೇ ಹಾಕಿ. ನಾಲ್ಕೂ."

ಹೊಸ ಟಯರಿಗೆ ಮೈಯೆಲ್ಲ ರಬ್ಬರಿನ ಕೂದಲು.
ತೊಳೆಯದ ಕೂಸಿನ ಹಾಗೆ ಎಣ್ಣೆಯೆಣ್ಣೆ.
"ಇನ್ನೂರು ಕಿಲೋಮೀಟರು ಮೆಲ್ಲ ಹೋಗಿ, ಮೇಲುಚರ್ಮ ಹೋಗಬೇಕು.
ಈ ವಾರ ಬ್ರಹ್ಮಾವರ ಮಾತ್ರ."
ಬಿಲ್ಲು ಹರಿದು ಕೊಡುವಾಗ, ಕೇಳದೆಯೇ,
"ಇಷ್ಟು ಬೇಗ ಯಾಕೆ ಅಂತ ಮನೆಯಲ್ಲಿ ಕೇಳಿದರೆ
ಬೈಪಾಸಿನ ಹೊಂಡ ಅಂತ ಹೇಳಿ. ಯಾರೂ ನಂಬದೆ ಇರೂದಿಲ್ಲ."

ಹಳೆಯ ನಾಲ್ಕು ಗೋಡೆಗೆ ಒರಗಿ ನಿಂತಿದ್ದವು.
ಅವನ್ನು ಮಲ್ಪೆಯ ಬೋಟಿನವರು ಒಯ್ಯುತ್ತಾರಂತೆ,
ಧಕ್ಕೆಗೆ ಮೈ ತಾಗದ ಹಾಗೆ
ಬದಿಗೆ ಹಗ್ಗದಲ್ಲಿ ಕಟ್ಟಲಿಕ್ಕೆ.

ಒಳ್ಳೆಯದಾಯಿತು.
ನನ್ನ ಆರು ವರ್ಷದ ವಾಕಿಂಗು
ಅಂತೂ ಮಲ್ಪೆ ಮುಟ್ಟಿತು.